ಬೆಲ್ಲದ ಮನೆಗೆ ಶುಗರ್ ಬಂತು

ನಿನ್ನೆ ಸ್ಟಾಫ್ ರೂಮಿನಲ್ಲಿ ನನ್ನ ಮಾನ ಮೂರು ಕಾಸಿಗೆ ಹೋಯಿತು. ಎರಡನೇ ಪೀರಿಯಡ್ಡು ಮುಗಿಸಿ ಬಂದು ನೋಡುತ್ತೇನೆ, ಗೋಡೆಯ ಮೂಲೆಯಿಂದ ಹೊರಟ ಇರುವೆಗಳ ಸಾಲೊಂದು ಮೇಜಿನ ಕಾಲು ಹತ್ತಿ, ಸಮಾಜ ಪಾಠದ ಮೇಡಮ್ಮಿನ ಟಿಫನ್ ಬಾಕ್ಸನ್ನು ಕಣ್ಣೆತ್ತಿಯೂ ನೋಡದೆ, ನೆಟ್ಟಗೆ ನನ್ನ ವ್ಯಾನಿಟಿ ಬ್ಯಾಗಿನೊಳಕ್ಕೆ ನಡೆದಿತ್ತು. ಎಲ್ಲರೆದುರು ಬ್ಯಾಗು ಕೊಡವಬೇಕಾಯಿತು. ಹಳೆಯ ಬಸ್ ಟಿಕೆಟ್ಟು, ಮುಚ್ಚಳ ಕಳೆದುಕೊಂಡ ಕೆಂಪು ಪೆನ್ನು, ಒಂಟಿ ಓಲೆ, ಸೇಫ್ಟಿ ಪಿನ್ನಿನ ಗೊಂಚಲು, ಕೊನೆಗೆ ಪೇಪರಿನಲ್ಲಿ ಸುತ್ತಿದ ಒಂದು ಬೆಲ್ಲದ ಚೂರು. ಹೋದ ಭಾನುವಾರ ಊರಿಂದ ಹೊರಡುವಾಗ ಅಪ್ಪ ತುರುಕಿದ್ದು. ನಾನು ಮರೆತಿದ್ದೆ, ಇರುವೆಗಳು ಮರೆತಿರಲಿಲ್ಲ.

"ಏನ್ ಮೇಡಂ, ನಿಮಗೆ ಶುಗರ್ ಡೌನ್ ಆಗುತ್ತಾ?" ಎಂದು ಸಮಾಜದ ಮೇಡಂ ಕನಿಕರದಿಂದ ಕೇಳಿದರು. ಇಲ್ಲ ಎಂದರೂ ನಂಬಲಿಲ್ಲ. ಬ್ಯಾಗಿನಲ್ಲಿ ಬೆಲ್ಲ ಇಟ್ಟುಕೊಂಡು ಓಡಾಡುವ ಹೆಂಗಸಿಗೆ ಏನೋ ಒಂದು ಕಾಯಿಲೆ ಇರಲೇಬೇಕು ಎಂದು ಅವರು ತೀರ್ಮಾನಿಸಿಯಾಗಿತ್ತು.

ವ್ಯಾನಿಟಿ ಎಂಬ ಪದದ ಮೂಲದಲ್ಲಿ ಇರುವುದು ಬರಿದು, ಪೊಳ್ಳು ಎಂಬ ಅರ್ಥ. ಅದು ಆಮೇಲೆ ಜಂಬವಾಯಿತು, ಜಂಬದವರು ಕನ್ನಡಿ ಪೌಡರು ಇಟ್ಟುಕೊಳ್ಳುವ ಚೀಲಕ್ಕೆ ಹೆಸರಾಯಿತು. ನನ್ನ ಬ್ಯಾಗಿನ ವಿಷಯದಲ್ಲಿ ಮಾತ್ರ ಆ ಮೂಲಾರ್ಥ ಯಾವತ್ತೂ ನಿಜವಾಗಿಲ್ಲ ಎನ್ನುವುದಕ್ಕೆ ಇಡೀ ಸ್ಟಾಫ್ ರೂಮು ಸಾಕ್ಷಿ.

ನೋಡಿ, ಇದೇ ನನ್ನ ಚಟ. ಮದ್ದೂರಿನ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಟೀಚರು, ಮನೆ ಮಂಡ್ಯದಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವಾಗ ಕಿಟಕಿಯಾಚೆ ಕಾಣುವ ಬೋರ್ಡುಗಳ ಇಂಗ್ಲಿಷ್ ಪದಗಳನ್ನು ಹಿಡಿದು ಅವುಗಳ ಕುಲಗೋತ್ರ ವಿಚಾರಿಸುತ್ತಾ ಕೂರುತ್ತೇನೆ. ನಮ್ಮ ಕಡೆ ಹೊಸಬರು ಯಾರೇ ಎದುರಾದರೂ ಮೊದಲ ಪ್ರಶ್ನೆ "ಯಾವೂರಾಯ್ತು?", ಎರಡನೆಯದು "ಯಾರ್ ಮಗ?". ಈ ಎರಡಕ್ಕೆ ಉತ್ತರ ಸಿಗದೆ ನೀರು ಕೂಡ ಕೊಡುವುದಿಲ್ಲ. ಆ ಬುದ್ಧಿಯನ್ನೇ ನಾನು ಪದಗಳ ಮೇಲೆ ತೋರಿಸುತ್ತೇನೆ, ಅಷ್ಟೆ.

ಹೀಗೆ ವಿಚಾರಿಸಿದರೆ ಎಂತೆಂಥ ಸಂಗತಿಗಳು ಹೊರಬೀಳುತ್ತವೆ ಗೊತ್ತೆ? ನಮ್ಮ ಹುಡುಗಿಯರು ಎಲ್ಲದಕ್ಕೂ 'ನೈಸ್' ಅನ್ನುತ್ತಾರಲ್ಲ, ಆ ನೈಸು ಹುಟ್ಟಿದಾಗ ಅದಕ್ಕೆ ಏನೂ ತಿಳಿಯದ ದಡ್ಡ ಎಂದು ಅರ್ಥ. ನೂರಾರು ವರ್ಷ ಅವರಿವರ ಬಾಯಲ್ಲಿ ಉರುಳಾಡಿ, ನಾಜೂಕಾಗಿ, ಆಮೇಲೆ ಸೊಗಸಾಗಿ, ಹಡಗು ಹತ್ತಿ ಬಂದು ಕೊನೆಗೆ ನಮ್ಮೂರ ಫ್ಲೋರ್ ಮಿಲ್ಲಿನಲ್ಲಿ ಇಳಿಯಿತು. "ರಾಗಿ ವಸಿ ನೈಸಾಗಿ ಬೀಸಪ್ಪ" ಎಂದು ಅವ್ವ ಹೇಳುವುದನ್ನು ಕೇಳಿಯೇ ನಾನು ಆ ಪದ ಕಲಿತದ್ದು. ಇಂಗ್ಲಿಷ್ ಎಂದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. 'ಸಿಲ್ಲಿ' ಎಂದರೆ ಒಂದು ಕಾಲಕ್ಕೆ ದೇವರ ಕೃಪೆ ಪಡೆದವನು. ನಮ್ಮ ಹತ್ತನೇ ಕ್ಲಾಸಿನ ಹಿಂದಿನ ಬೆಂಚಿನವರಿಗೆ ಇದನ್ನು ಹೇಳಬಾರದಿತ್ತು. ಹೇಳಿದ ಮೇಲೆ ಬೈಗುಳ ಒಂದೂ ನಾಟುತ್ತಿಲ್ಲ.

ಇಲ್ಲಿಗೆ ಬಂದ ಮೇಲೂ ಈ ಪದಗಳು ಸುಮ್ಮನೆ ಕೂತಿಲ್ಲ. 'ಮಿಲ್ಟ್ರಿ' ಎಂದರೆ ನಮ್ಮಲ್ಲಿ ಯಾರಿಗೂ ಬಂದೂಕು ನೆನಪಾಗುವುದಿಲ್ಲ, ಮಿಲ್ಟ್ರಿ ಹೋಟೆಲಿನ ಮುದ್ದೆ ಮತ್ತು ಬೋಟಿ ಗೊಜ್ಜು ನೆನಪಾಗುತ್ತದೆ. 'ಸೀರಿಯಸ್ಸು' ಎಂದು ಮಳವಳ್ಳಿಯಿಂದ ಫೋನು ಬಂದರೆ ಇದ್ದ ಬಟ್ಟೆಯಲ್ಲೇ ಬಸ್ಸು ಹತ್ತಬೇಕು, ಅಲ್ಲಿ ಯಾರದೋ ಉಸಿರು ನಿಲ್ಲುವುದರಲ್ಲಿದೆ ಎಂದರ್ಥ. ಇದು ಗೊತ್ತಿದ್ದೂ ನಾನು ಒಮ್ಮೆ ಪೋಷಕರ ಸಭೆಯಲ್ಲಿ ಒಬ್ಬ ಅಜ್ಜಿಗೆ, "ನಿಮ್ಮ ಮೊಮ್ಮಗಳು ತುಂಬಾ ಸೀರಿಯಸ್" ಎಂದುಬಿಟ್ಟೆ. ಅಜ್ಜಿ ನಿಂತಲ್ಲೇ, "ಅಯ್ಯಯ್ಯೋ, ಬೆಳಿಗ್ಗೆ ಚೆಂದಾಗಿ ಇಟ್ಟುಂಡು ಬಂದ್ಲಲ್ಲವ್ವ!" ಎಂದು ಅಳತೊಡಗಿತು. ಹುಡುಗಿಯನ್ನು ಕರೆಸಿ, ಮುಟ್ಟಿಸಿ, ನಗಿಸಿ ತೋರಿಸುವವರೆಗೂ ಸಮಾಧಾನವಾಗಲಿಲ್ಲ.

ನಾನು ಹೇಳಹೊರಟದ್ದು ಶುಗರ್ ಬಗ್ಗೆ.

ಶುಗರ್ ನಮ್ಮ ಹುಡುಗಿ. ಇದನ್ನು ಪಾಠ ಮಾಡುವಾಗಲೆಲ್ಲ ನನಗೆ ಒಳಗೊಳಗೇ ಜಂಬ. ನಮ್ಮ ಸಂಸ್ಕೃತದ 'ಶರ್ಕರಾ'. ಮೊದಲು ಹಾಗೆಂದರೆ ಹರಳು, ಮರಳು. ಮರಳಿನಂತೆ ಪುಡಿಪುಡಿಯಾದ ಸಿಹಿಗೂ ಅದೇ ಹೆಸರಾಯಿತು. ಅದು ಪರ್ಷಿಯನ್ನರ ಮನೆ, ಅರಬರ ಮನೆ, ಫ್ರೆಂಚರ ಮನೆ ಎಲ್ಲ ತಿರುಗಿ ಇಂಗ್ಲೆಂಡಿನಲ್ಲಿ ಶುಗರ್ ಆಯಿತು. ಊರಲ್ಲೇ ಉಳಿದವಳು ಸಕ್ಕರೆ. 'ಜಾಗರಿ' ಎಂದು ಇಂಗ್ಲಿಷಿನವರು ಬೆಲ್ಲಕ್ಕೆ ಅನ್ನುತ್ತಾರಲ್ಲ, ಅದೂ ಇದೇ ಶರ್ಕರಾ, ಪೋರ್ಚುಗೀಸರ ಹಡಗಿನಲ್ಲಿ ಬೇರೆ ದಾರಿ ಹಿಡಿದು ಹೋದದ್ದು. ಅಕ್ಕತಂಗಿಯರನ್ನು ಬೇರೆ ಬೇರೆ ಊರಿಗೆ ಕೊಟ್ಟರೆ ಮಾತಿನ ರಾಗ ಬದಲಾಗುತ್ತದೆ, ಮೂಗು ಅದೇ ಇರುತ್ತದೆ.

ನಮ್ಮದು ಬೆಲ್ಲದ ಮನೆ. ಮದ್ದೂರಿನಾಚೆ, ಆತಗೂರಿನ ಹತ್ತಿರದ ನಮ್ಮ ಊರಿಗೆ ಬಂದು ಯಾರನ್ನು ಬೇಕಾದರೂ ಕೇಳಿ, ಹೆಸರು ಹೇಳಬೇಕಿಲ್ಲ, 'ಆಲೆಮನೆಯೋರು' ಅಂದರೆ ಸಾಕು. ರಸ್ತೆಗೆ ಹೊಂದಿಕೊಂಡೇ ನಮ್ಮ ಆಲೆಮನೆ. ಒಂದು ಕಡೆ ಗಾಣ ಕಬ್ಬನ್ನು ಜಗಿದು ಹಾಲು ಬಿಡುತ್ತದೆ, ಇನ್ನೊಂದು ಕಡೆ ಕೊಪ್ಪರಿಗೆಯಲ್ಲಿ ಆ ಹಾಲು ಕುದಿಯುತ್ತದೆ, ಒಲೆಗೆ ಒಣಗಿದ ಕಬ್ಬಿನ ಸಿಪ್ಪೆಯದೇ ಉರಿ. ನನ್ನ ಬಾಲ್ಯ ಪೂರ್ತಿ ಆ ಹೊಗೆಯ ವಾಸನೆಯಲ್ಲಿ ಅದ್ದಿದ್ದು. ಶಾಲೆಯಲ್ಲಿ ನನ್ನ ಜಡೆಯನ್ನು ಮೂಸಿ ನೋಡಿ ಗೆಳತಿಯರು "ಇವತ್ತು ಬೆಲ್ಲದಚ್ಚು ಉಯ್ದವ್ರೆ" ಎಂದು ಹೇಳುತ್ತಿದ್ದರು. ಅಪ್ಪ ಕೊಪ್ಪರಿಗೆಯ ಪಕ್ಕ ನಿಂತು ಪಾಕ ತಿರುವುವಾಗ ಅವನ ತೋಳಿನೊಳಗೆ ಏನೋ ಉಬ್ಬಿ ಓಡುತ್ತಿತ್ತು. ಇಲಿ ಹೊಕ್ಕಿದೆ ಎಂದು ನಾನು ನಂಬಿದ್ದೆ. ದೊಡ್ಡವಳಾಗಿ ಇಂಗ್ಲಿಷಿನ 'ಮಸಲ್' ಕೆದಕಿದರೆ ಅದರ ಮೂಲಾರ್ಥ ಪುಟ್ಟ ಇಲಿ ಎಂದೇ ಇತ್ತು. ಸಾವಿರಾರು ಮೈಲಿ ದೂರದಲ್ಲಿ, ಸಾವಿರಾರು ವರ್ಷದ ಹಿಂದೆ, ಯಾವುದೋ ಮಗು ತನ್ನ ಅಪ್ಪನ ತೋಳನ್ನು ಹಾಗೆಯೇ ನೋಡಿತ್ತು ಎಂದು ನೆನೆದು ಆ ದಿನ ನನಗೆ ಬಹಳ ಖುಷಿಯಾಗಿತ್ತು.

ಆಲೆಮನೆಗೆ ಒಂದು ನೇಮವಿದೆ. ದಾರಿಯಲ್ಲಿ ಹೋಗುವವರು ಒಳಗೆ ಬಂದರೆ ಬರಿಗೈಲಿ ಕಳಿಸಬಾರದು. ಬಿಸಿ ಬೆಲ್ಲ ಕೈಗೆ ಕೊಡಬೇಕು. ಇದು ಎಲ್ಲ ಕಡೆ ಇರುವುದೇ. ನಮ್ಮ ಮನೆಯಲ್ಲಿ ಅದಕ್ಕೊಂದು ಬಾಲ ಸೇರಿತ್ತು: ಕೊಟ್ಟವನೂ ಅದೇ ಬೆಲ್ಲದಲ್ಲಿ ಒಂದು ಚೂರು ಮುರಿದು, ಬಂದವರ ಜೊತೆ ನಿಂತು, ಬಾಯಿಗೆ ಹಾಕಿಕೊಳ್ಳಬೇಕು. "ಕೊಡೋನ್ ಬಾಯಿ ಬರ್ದಾಗಿದ್ರೆ ಅದು ಬಿಕ್ಸೆ, ಜೊತೇಲಿ ತಿಂದ್ರೆ ಉಪ್ಚಾರ" ಎಂದು ತಾತ ಹೇಳುತ್ತಿದ್ದರಂತೆ. ಅಪ್ಪ ಅದನ್ನು ಒಂದು ದಿನವೂ ತಪ್ಪಿಸಿದವನಲ್ಲ. ಹುಲ್ಲು ಹೊತ್ತವರು, ಹಾಲಿನ ಗಾಡಿಯವರು, ಬೀಗರ ಮನೆಗೆ ಹೊರಟವರು, ಎಲ್ಲರ ಜೊತೆಗೂ ಒಂದು ಚೂರು, ಎರಡು ಮಾತು, ದೊಡ್ಡದೊಂದು ನಗು.

ಹೀಗೆ ಬದುಕಿದ ಮನುಷ್ಯನ ಕಾಲಿನ ಹೆಬ್ಬೆರಳಿಗೆ ಕಬ್ಬು ಕಡಿದ ಗದ್ದೆಯ ಕೂಳೆ ತಾಗಿ ಗಾಯವಾಯಿತು. ಗಾಯ ಮಾಯಲೇ ಇಲ್ಲ. ಅರಿಶಿನ ಮುಗಿಯಿತು, ಮುಲಾಮು ಮುಗಿಯಿತು, ಕೊನೆಗೆ ನಾನೇ ಮದ್ದೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ರಕ್ತದ ರಿಪೋರ್ಟು ನೋಡಿ, "ಯಜಮಾನ್ರೇ, ನಿಮಗೆ ಶುಗರ್ ಇದೆ" ಅಂದರು.

ಅಪ್ಪ ನಕ್ಕೇಬಿಟ್ಟ. "ಇರ್ದೆ ಎಲ್ಲಿಗೋದದು ಕಣವ್ವ? ಉಟ್ದಾಗ್ಲಿಂದ ಅದ್ರೊಳ್ಗೇ ಇವ್ನಿ."

ಡಾಕ್ಟರು ನಗಲಿಲ್ಲ. ಗಾಯದ ಬಗ್ಗೆ ಹೇಳಿದರು, ಬೆರಳಿನ ಬಗ್ಗೆ ಹೇಳಿದರು, ಕಣ್ಣಿನ ಬಗ್ಗೆ ಹೇಳಿದರು. ಸಕ್ಕರೆ ಮುಟ್ಟಬೇಡಿ ಅಂದರು.

"ಬುಡವ್ವ, ಸಕ್ರೆ ಯಾವನ್ ತಿಂತಾನೆ. ಬೆಲ್ಲ ತಿನ್ಬೋದಲ್ಲ?"

"ಅದನ್ನೂ ತಿನ್ನಬಾರದು. ಎರಡೂ ಒಂದೇ."

ಅಪ್ಪನ ಮುಖ ನೋಡಲಾಗಲಿಲ್ಲ. ಮಂಡ್ಯ ಸೀಮೆಯವನಿಗೆ ಸಕ್ಕರೆ ಬೇರೆ, ಬೆಲ್ಲ ಬೇರೆ. ಸಕ್ಕರೆ ಫ್ಯಾಕ್ಟರಿಯದು, ಬೆಲ್ಲ ಮನೆಯದು. ಸಕ್ಕರೆಯಿಂದ ಕಾಯಿಲೆ ಬರುತ್ತದೆ, ಬೆಲ್ಲದಿಂದ ಮೈಗೆ ರಕ್ತ ಬರುತ್ತದೆ. ಇದನ್ನು ನಂಬದವರು ನಮ್ಮೂರಲ್ಲಿ ಒಬ್ಬರೂ ಇಲ್ಲ, ಮಾತ್ರೆ ನುಂಗಿ ಮೇಲೊಂದು ಉಂಡೆ ಬೆಲ್ಲ ತಿನ್ನುವ ಶುಗರಿನವರು ಬೀದಿಗೆ ಇಬ್ಬರಾದರೂ ಸಿಗುತ್ತಾರೆ. ಬಸ್ಸಿನಲ್ಲಿ ವಾಪಸು ಬರುವಾಗ ನಾನು, ಜಾಣೆಯಲ್ಲವೆ, ನನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಪ್ರಯೋಗಿಸಿದೆ. ಶರ್ಕರಾ ಕಥೆಯನ್ನು ಪರ್ಷಿಯನ್ನರಿಂದ ಪೋರ್ಚುಗೀಸರವರೆಗೆ ಹೇಳಿ, "ನೋಡಪ್ಪ, ಇಂಗ್ಲಿಷಲ್ಲಿ ಎರಡಕ್ಕೂ ತಾಯಿ ಒಬ್ಬಳೇ. ಅದಕ್ಕೇ ಡಾಕ್ಟ್ರು ಎರಡೂ ಒಂದೇ ಅಂದಿದ್ದು" ಎಂದೆ.

ಅಪ್ಪ ಕಿಟಕಿಯಿಂದ ಮುಖ ತಿರುಗಿಸಿದ. "ಒಂದೇ ತಾಯ್ ಮಕ್ಳು ಅಂದ್ಮಾತ್ಕೆ ಒಂದೇ ಆದಾರ? ನೀನೂ ನಿಮ್ಮಣ್ಣನೂ ಒಂದೇಯಾ? ಅವ್ನು ಮಾತೇ ಆಡಲ್ಲ, ನೀನು ನಿಲ್ಸಲ್ಲ."

ಬಸ್ಸಿನಲ್ಲಿ ಹಿಂದಿನ ಸೀಟಿನವರು ನಕ್ಕರು. ಅಲ್ಲಿಂದ ಊರಿನವರೆಗೆ ನಾನು ಮಾತು ನಿಲ್ಲಿಸಿದ್ದೆ.

ವಾದದಲ್ಲಿ ಗೆದ್ದರೂ ಅಪ್ಪ ಡಾಕ್ಟರ ಮಾತನ್ನೇ ಪಾಲಿಸಿದ. ಹೆಬ್ಬೆರಳು ಹೋದರೆ ಗದ್ದೆಯ ಬದುವಿನ ಮೇಲೆ ನಡೆಯಲಾಗುವುದಿಲ್ಲ ಎಂಬ ಭಯ ಅವನಿಗೆ ತಟ್ಟಿತ್ತು. ಬೆಲ್ಲ ಬಿಟ್ಟ. ಆದರೆ ಬೆಲ್ಲದ ಜೊತೆ ಆಲೆಮನೆಯನ್ನೂ ಬಿಟ್ಟ. ಅಣ್ಣ ಎಲ್ಲ ನೋಡಿಕೊಳ್ಳುತ್ತಿದ್ದ, ಕೆಲಸ ನಿಲ್ಲಲಿಲ್ಲ. ಅಪ್ಪ ಮಾತ್ರ ಮನೆಯ ಜಗಲಿ ಮೇಲೆ ಟವಲ್ಲು ಹಾಕಿಕೊಂಡು ಕುಂತವನು ಏಳಲಿಲ್ಲ. "ಪಾಕ ನೋಡೋಕಾದ್ರೂ ಹೋಗಪ್ಪ, ತಿನ್ನು ಅಂತ ಯಾರು ಹೇಳಿದ್ರು?" ಎಂದು ನಾನು ಕೇಳಿದೆ.

"ಬಂದೋರ್ಗೆ ಕೊಟ್ಟು ಬಾಯ್ಬಾಯಿ ನೋಡ್ತಾ ನಿಂತ್ಕಳನಾ? ನಂಗಾಗಲ್ಲ ಕಣ್ ಮಗ" ಅಂದ.

ಗಾಯ ಮಾಯುತ್ತಿತ್ತು, ಮನುಷ್ಯ ಕರಗುತ್ತಿದ್ದ. ದಾರಿಯಲ್ಲಿ ಹೋಗುವವರು ಜಗಲಿಯ ಹತ್ತಿರ ನಿಂತು "ಚೆಂದಾಗಿದ್ದೀಯಾ ಗೌಡ?" ಎಂದರೆ ಹೂಂ ಅನ್ನುವುದಕ್ಕೂ ಬೇಜಾರು. ನಗು ನಿಂತಿತು, ಮಾತು ನಿಂತಿತು. ಪ್ರತಿ ಭಾನುವಾರ ಊರಿಗೆ ಹೋಗಿ ಬರುವಾಗ, ನನ್ನ ಅಪ್ಪನನ್ನು ಸ್ವಲ್ಪ ಸ್ವಲ್ಪವಾಗಿ ಯಾರೋ ತೆಗೆದುಕೊಂಡು ಹೋಗುತ್ತಿದ್ದಾರೆ ಎನಿಸಿ, ಬಸ್ಸಿನಲ್ಲಿ ಅತ್ತದ್ದೂ ಉಂಟು. ಅವ್ವ ಒಂದೇ ಮಾತಿನಲ್ಲಿ ಹೇಳಿದಳು: "ಸುಗರ್ ಏನೂ ಮಾಡಲ್ಲ ಕಣವ್ವ ಇವ್ರನ್ನ. ಈ ಸುಮ್ಕೆ ಕುಂತಿರೋದದಲ್ಲ, ಅದು ತಿಂದಾಕ್ತದೆ."

ನಾನು ಮಂಡ್ಯದಿಂದ ಸಕ್ಕರೆ ಬದಲಿಗೆ ಹಾಕುವ ಮಾತ್ರೆಯ ಪುಟ್ಟ ಡಬ್ಬಿ ಒಯ್ದೆ. ಬಂದವರಿಗೆ ಬೆಲ್ಲ ಕೊಟ್ಟು ನೀನು ಇದೊಂದು ಬಾಯಿಗೆ ಹಾಕಿಕೋ, ನೇಮವೂ ಉಳಿಯಿತು, ಬೆರಳೂ ಉಳಿಯಿತು ಎಂದು ಉಪಾಯ ಹೇಳಿಕೊಟ್ಟೆ. ಅಪ್ಪ ಒಂದು ಮಾತ್ರೆ ನಾಲಿಗೆ ಮೇಲೆ ಇಟ್ಟು ಕಣ್ಣು ಮುಚ್ಚಿದ. ಆಮೇಲೆ ಎದ್ದು ಹೋಗಿ ಬಚ್ಚಲಲ್ಲಿ ಉಗಿದು ಬಂದ.

"ಅವ್ರು ಒಂದ್ ತಿನ್ನೋದು, ನಾನೊಂದ್ ತಿನ್ನೋದು, ಅದೆಂಗವ್ವ ಜೊತೇಲಿ ತಿಂದಂಗಾದದು?"

ಈಗ ಅವ್ವನ ಬಗ್ಗೆ ಹೇಳಬೇಕು. ಅವ್ವನ ತವರು ಮಳವಳ್ಳಿಯಾಚೆ, ಬಂಡೂರಿನ ಪಕ್ಕ. ಕುರಿ ಸಾಕಿದ ಮನೆ, ಖಾರ ತಿಂದು ಬೆಳೆದ ನಾಲಿಗೆ. ಮದುವೆಯಾಗಿ ಬಂದ ಹೊಸದರಲ್ಲಿ ಮನೆತುಂಬಾ ನೆಂಟರು, ಬೆಲ್ಲದ ಮನೆ ಸೊಸೆ ಎಂದು ಒಬ್ಬೊಬ್ಬರೂ ಒಂದೊಂದು ಉಂಡೆ ಬಾಯಿಗೆ ತುರುಕಿದರಂತೆ. ಅವಳು ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡಳು. ಅಂದಿನಿಂದ ಬೆಲ್ಲದ ಹೆಸರೆತ್ತಿದರೆ ಅವಳಿಗೆ ಓಕರಿಕೆ ಬರುತ್ತದೆ. ಒಬ್ಬಟ್ಟು ಮಾಡುತ್ತಾಳೆ, ತಿನ್ನುವುದಿಲ್ಲ. ಕಾಫಿ ಕುಡಿಯುವುದು ಬರೀ ಕಹಿ. "ಸಮುದ್ರದ್ ದಂಡೇಲಿದ್ದು ಉಪ್ಪು ತಿನ್ನದೋಳು" ಎಂದು ಅಪ್ಪ ಮೊದಲಿನಿಂದಲೂ ಕಿಚಾಯಿಸುತ್ತಿದ್ದ. "ನಿಮ್ ಬೆಲ್ಲ ನಿಮ್ಗೇ ಇರ್ಲಿ, ನಂಗೊಂದ್ ಚೂರು ಕುರಿ ಬಾಡಿದ್ರೆ ಸಾಕು" ಎಂದು ಅವಳು ತಿರುಗಿಸಿ ಕೊಡುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಲಿಯ ಮುಂದೆ ನಿಂತಳು. "ಏಳಿ ಮೇಲೆ. ಬನ್ನಿ ಆಲೆಮನೆತಾವ್ಕೆ."

"ನಾನ್ ಬರಲ್ಲ."

"ಬರ್ದಿದ್ರೆ ನಾನೇ ಓಗಿ ಪಾಕ ತಿರುವ್ತೀನಿ. ಕೆಟ್ರೆ ಊರೆಲ್ಲ ನಿಮ್ಮೆಸ್ರೇ ಏಳೋದು."

ಅಪ್ಪನಿಗೆ ಎದ್ದೇಳದೆ ವಿಧಿಯಿರಲಿಲ್ಲ. ಅವನು ಮುಂದೆ, ಅವ್ವ ಹಿಂದೆ, ಅವಳ ಹಿಂದೆ ನಾನು. ಅಂದಿನ ಮೊದಲ ಕೊಪ್ಪರಿಗೆ ಇಳಿದಿತ್ತು. ಅಪ್ಪ ಎರಡನೆಯದರ ಪಾಕವನ್ನು ತಣ್ಣೀರಿಗೆ ಬಿಟ್ಟು, ಉಂಡೆ ಕಟ್ಟಿ, ಬೆರಳಲ್ಲಿ ಹಿಸುಕಿ ನೋಡಿದ. ಅವನ ಬೆನ್ನು ನೆಟ್ಟಗಾಗಿದ್ದನ್ನು ನಾನು ಕಂಡೆ. ಅಷ್ಟರಲ್ಲಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ನಮ್ಮ ಪಕ್ಕದ ಬೀದಿಯ ಪುಟ್ಟತಾಯಮ್ಮ ಬಂದು ಬಾಗಿಲಲ್ಲಿ ನಿಂತಳು. ಅಪ್ಪನನ್ನು ಅಲ್ಲಿ ನೋಡಿ ಅವಳಿಗೆ ಸಂತೋಷವೂ ಆಯಿತು, ಇರುಸುಮುರುಸೂ ಆಯಿತು. ಶುಗರ್ ಸುದ್ದಿ ಊರಿಗೆಲ್ಲ ಗೊತ್ತಿದ್ದದ್ದೇ.

ಅಪ್ಪ ಬೆಲ್ಲ ಮುರಿದು ಅವಳ ಕೈಗೆ ಕೊಟ್ಟ. ಅಭ್ಯಾಸಬಲ, ಇನ್ನೊಂದು ಚೂರು ಅವನ ಕೈಯಲ್ಲೇ ಉಳಿಯಿತು. ಬಾಯಿಗೆ ಒಯ್ಯುವಂತಿಲ್ಲ, ಇಳಿಸುವಂತಿಲ್ಲ. ಪುಟ್ಟತಾಯಮ್ಮನೂ ತಿನ್ನದೆ ನಿಂತಳು.

ಅವ್ವ ಮುಂದೆ ಬಂದು ಆ ಚೂರನ್ನು ಅವನ ಕೈಯಿಂದ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು.

ಮುಖ ನೋಡಬೇಕಿತ್ತು! ಕಣ್ಣು ಮುಚ್ಚಿ, ಮೂಗು ಸೊಟ್ಟ ಮಾಡಿದ್ದಳು, ಕುತ್ತಿಗೆಯ ನರಗಳೆಲ್ಲ ಎದ್ದು ನಿಂತಿದ್ದವು. ಪುಟ್ಟತಾಯಮ್ಮ ಹೊರೆ ಬೀಳುವಂತೆ ನಕ್ಕಳು. "ಅಯ್ ನಮ್ಮಕ್ಕ, ಬೇವ್ನೆಲೆ ತಿಂದಂಗೆ ತಿಂತಾ ಇದೀಯಲ್ಲ! ನೀನ್ಯಾಕಕ್ಕ ತಿನ್ನಕ್ಕೋದೆ?"

ಅವ್ವ ನುಂಗಿ, ಸುಧಾರಿಸಿಕೊಂಡು ಅಂದಳು: "ಯಾರ್ ತಿಂದ್ರೇನೆ? ನಮ್ಮಿಬ್ರುದೂ ಒಂದೇ ಒಟ್ಟೆ ಕಣೆ. ನೀ ತಿನ್ನು."

ಪುಟ್ಟತಾಯಮ್ಮ ತಿಂದಳು. ಅಪ್ಪ ಕೊಪ್ಪರಿಗೆಯ ಕಡೆ ತಿರುಗಿ, ಹೊಗೆಯ ನೆಪದಲ್ಲಿ ಟವಲ್ಲಿನಿಂದ ಕಣ್ಣೊರೆಸಿಕೊಂಡ. ನಾನು ಹೊಗೆಯ ನೆಪವನ್ನೂ ಹೇಳದೆ ಅತ್ತುಬಿಟ್ಟೆ.

ಅಂದಿನಿಂದ ಇಬ್ಬರೂ ಜೋಡಿಯಾಗಿ ಆಲೆಮನೆಗೆ ಹೋಗುತ್ತಾರೆ. ಅವನು ಕೊಡುತ್ತಾನೆ, ಅವಳು ತಿನ್ನುತ್ತಾಳೆ. ಬಂದವರಿಗೆ ಮೊದಮೊದಲು ವಿಚಿತ್ರವೆನಿಸಿದ್ದು ಈಗ ರೂಢಿಯಾಗಿದೆ. ಅಪ್ಪನ ನಗು ರಸ್ತೆಗೆ ಕೇಳಿಸುತ್ತದೆ, ಗಾಯ ಮಾಯಿದೆ, ಬೆರಳು ಬೆರಳಿನ ಜಾಗದಲ್ಲಿದೆ.

ಹೋದ ಭಾನುವಾರ ಕೊಕ್ಕರೆ ಬೆಳ್ಳೂರಿಗೆ ಹಕ್ಕಿ ನೋಡಲು ಹೊರಟಿದ್ದ ಒಂದು ಕುಟುಂಬ ದಾರಿ ತಪ್ಪಿ ನಮ್ಮ ಆಲೆಮನೆಯ ಮುಂದೆ ಕಾರು ನಿಲ್ಲಿಸಿತು. ಅಪ್ಪ ದಾರಿ ಹೇಳುವ ಮೊದಲು ಬೆಲ್ಲ ಮುರಿದ. ಗಂಡಹೆಂಡತಿಗೆ ಒಂದೊಂದು ಹಿಡಿ, ಅವರ ಜೊತೆಗಿದ್ದ ಮುದುಕರಿಗೆ ಒಂದು ಹಿಡಿ. ಆಮೇಲೆ ಉಗುರಿನ ತುದಿಯಿಂದ ಚಿವುಟಿ, ಸಾಸಿವೆಗಿಂತ ಒಂದಿಷ್ಟು ದೊಡ್ಡದೊಂದು ಚೂರನ್ನು ಅವ್ವನ ಅಂಗೈ ಮೇಲೆ ಇಟ್ಟ. ಕೊಡುಗೈ ಎಂದು ಹೆಸರಾದ ಮನುಷ್ಯ ಬೆಲ್ಲವನ್ನು ಅಷ್ಟು ಚಿಕ್ಕದಾಗಿ ಮುರಿದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಅವ್ವ ಅಂಗೈಯನ್ನು ಕಣ್ಣಿನ ಹತ್ತಿರ ತಂದು ನೋಡಿದಳು. "ಇದೇನು, ಇರ್ವೆಗಾ? ದಿನಾ ದಿನಾ ಸಣ್ದಾಯ್ತಾ ಅದಲ್ಲ?"

ಅಪ್ಪ ಬಂದವರಿಗೆ ಕೇಳಿಸದಂತೆ ದನಿ ತಗ್ಗಿಸಿದ. "ನಿಂಗೂ ಬಂದ್ಬುಟ್ರೆ?" ಅಂದ. ಅಚ್ಚನ್ನು ತನ್ನ ಕಡೆ ಸರಿಸಿಕೊಳ್ಳುತ್ತಾ, "ನೀನೂ ಬಾಯ್ ಕಟ್ಕೊಂಡ್ ಕುಂತ್ರೆ ಆಮೇಕೆ ನಂಗ್ಯಾರೇ ಕಂಪ್ನಿ?"

ಕಂಪನಿ ಎಂದರೆ ಇವತ್ತು ದೊಡ್ಡ ಗೇಟು, ಎತ್ತರದ ಚಿಮಣಿ, ಕತ್ತಿಗೆ ತೂಗುಹಾಕಿಕೊಳ್ಳುವ ಐಡಿ ಕಾರ್ಡು. ಆದರೆ ಅದು ಹುಟ್ಟಿದ್ದು ಎರಡು ಲ್ಯಾಟಿನ್ ಮಾತು ಕೂಡಿ, ಒಂದಕ್ಕೆ 'ಜೊತೆ' ಎಂದರ್ಥ, ಇನ್ನೊಂದಕ್ಕೆ 'ರೊಟ್ಟಿ'. ಒಂದೇ ರೊಟ್ಟಿ ಮುರಿದು ತಿನ್ನುವವರು ಯಾರೋ, ಅವರೇ ಕಂಪನಿ. ಈ ಕಥೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಪ್ಪನ ಮುಖ ನೋಡಿ ಸುಮ್ಮನಾದೆ. ಜೀವಮಾನದಲ್ಲಿ ನಾನು ನಾನಾಗಿಯೇ ಮಾತು ನುಂಗಿದ್ದು ಅದೇ ಮೊದಲಿರಬೇಕು.

ಅವ್ವ ಒಂದು ಗಳಿಗೆ ಅಪ್ಪನನ್ನೇ ನೋಡಿದಳು. ಆಮೇಲೆ ಕೈ ಚಾಚಿ, ಅಚ್ಚಿನಿಂದ ತಾನೇ ಒಂದು ದೊಡ್ಡ ಚೂರು ಮುರಿದುಕೊಂಡಳು.

"ಬಂದ್ರೆ ಬರ್ಲಿ ಬುಡಿ" ಅಂದಳು. "ಇಬ್ರೂವೆ ಒಂದೇ ಬಸ್ಸಲ್ಲಿ ಮದ್ದೂರ್ಗೋಗಿ ಮಾತ್ರೆ ತಕ್ಕೊಂಡ್ ಬಂದ್ರಾಯ್ತು."

ಎಂದವಳೇ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದಳು.